ಮಸ್ಕತ್ತಿನಲ್ಲಿ ಸಿಕ್ಕ ಅಮೆರಿಕದ ಹದಿಹರೆಯ

ನಾನು ಅಮೆರಿಕ ನೋಡಿದವಳಲ್ಲ. ಆದರೂ ಅರ್ಧ ಶತಮಾನದ ಹಿಂದೆ ಆ ದೇಶದ ಒಂದು ಸಣ್ಣ ಊರಿನ ಹುಡುಗಿಯರು ಶಾಲೆ ಬಿಟ್ಟ ಮೇಲೆ ಎಲ್ಲಿ ಕೂರುತ್ತಿದ್ದರು, ಏನು ಕುಡಿಯುತ್ತಿದ್ದರು, ಅವರು ಫೋನಿನಲ್ಲಿ ಮಾತಾಡುವಾಗ ಯಾರು ಕದ್ದು ಕೇಳುತ್ತಿದ್ದರು ಎಂದು ಕೇಳಿದರೆ ಹೇಳಬಲ್ಲೆ. ಇಷ್ಟನ್ನೂ ಕಲಿತದ್ದು ಒಮಾನ್ ದೇಶದಲ್ಲಿ, ಎರಡು ಸಾವಿರದ ಎಂಟನೆಯ ಇಸವಿಯ ದಸರಾ ರಜೆಯಲ್ಲಿ. ದಸರೆಗೆ ಲೋಕವೆಲ್ಲ ಮೈಸೂರಿಗೆ ಬರುವಾಗ ನಾನು ಮೈಸೂರು ಬಿಟ್ಟು ಹೊರಟದ್ದನ್ನು ಕಂಡು ನಮ್ಮ ಹೈಸ್ಕೂಲಿನ ಸಹೋದ್ಯೋಗಿಗಳು ನಕ್ಕಿದ್ದರು. ಹೊರಡಲು ನನಗೆ ಕಾರಣವಿತ್ತು.

ರೂವಿ

ತಂಗಿ ವಸುಧಾ ಮದುವೆಯಾಗಿ ಮಸ್ಕತ್ತಿಗೆ ಹೋಗಿ ವರ್ಷಗಳೇ ಆಗಿದ್ದವು. ಗಂಡ ಗುರುರಾಜ ಧಾರವಾಡದವರು, ವಾಹನ ರಿಪೇರಿಯ ದೊಡ್ಡ ವರ್ಕ್‌ಶಾಪೊಂದರಲ್ಲಿ ಮ್ಯಾನೇಜರು. ಒಬ್ಬಳೇ ಮಗಳು ಮೇಘನಾ ಅಲ್ಲಿಯೇ ಹುಟ್ಟಿ, ಅಲ್ಲಿಯ ಇಂಡಿಯನ್ ಶಾಲೆಯಲ್ಲಿ ಹತ್ತನೆಯ ತರಗತಿಗೆ ಬಂದಿದ್ದಳು. ಹತ್ತು ಮುಗಿದ ಮೇಲೆ ಅವಳನ್ನು ಪಿಯುಸಿಗೆ ನನ್ನ ಹತ್ತಿರ ಬಿಡಬೇಕು ಎಂಬುದು ಅಪ್ಪ ಅಮ್ಮನ ತೀರ್ಮಾನ.

"ಅಕ್ಕ, ನಮ್ಮ ಮಾತು ಕೇಳ್ತಿಲ್ಲ ಕಣೇ. ನೀನೇ ಬಂದು ಒಪ್ಪಿಸು," ಎಂದು ವಸು ಫೋನಿನಲ್ಲಿ ಗೋಗರೆದಿದ್ದಳು.

ನನಗೂ ಇದು ಬೇಕಾಗಿಯೇ ಇತ್ತು. ನನ್ನವರು ತೀರಿಕೊಂಡ ಮೇಲೆ ಮನೆಯಲ್ಲಿ ನಾನೊಬ್ಬಳೇ. ಮಕ್ಕಳಿಲ್ಲ. ಬೆಳಿಗ್ಗೆ ಎದ್ದು ಯಾರನ್ನಾದರೂ 'ಹೊತ್ತಾಯ್ತು, ಏಳು' ಎಂದು ಬೈಯಬೇಕು ಎಂಬ ಆಸೆ ಎಷ್ಟಿತ್ತೆಂದರೆ, ಮುಂದಿನ ಕೋಣೆಗೆ ಸುಣ್ಣ ಹೊಡೆಸಿ, ಓದುವ ಮೇಜೊಂದನ್ನು ತರಿಸಿ ಹಾಕಿಯೇ ವಿಮಾನ ಹತ್ತಿದ್ದೆ.

ರೂವಿ ಎಂದರೆ ಮಸ್ಕತ್ತಿನ ಚಿಕ್ಕಪೇಟೆ. ಬಸ್ ನಿಲ್ದಾಣ, ಹಣ ಕಳಿಸುವ ಅಂಗಡಿಗಳು, ಸೀರೆ, ಬಂಗಾರ, ಕರಿಬೇವು ಎಲ್ಲವೂ ಕೈಗೆಟಕುವಷ್ಟು ಹತ್ತಿರ. ಸುತ್ತ ಒಂದು ಹುಲ್ಲುಕಡ್ಡಿಯೂ ಇಲ್ಲದ ಕಂದು ಗುಡ್ಡಗಳು ನಿಂತಿವೆ. ನಮ್ಮ ಚಾಮುಂಡಿ ಬೆಟ್ಟದ ಹಸಿರನ್ನೆಲ್ಲ ಯಾರೋ ಬಾಚಿ ತೆಗೆದ ಹಾಗೆ. ಅಕ್ಟೋಬರ್ ಬಂದರೂ ಮಧ್ಯಾಹ್ನ ಹೊರಗೆ ಕಾಲಿಟ್ಟರೆ ಒಲೆಯ ಮುಂದೆ ನಿಂತ ಅನುಭವ. ಕಸದ ಡಬ್ಬಿಗಳ ಮೇಲೆ ಮಾತ್ರ ಬೆಕ್ಕುಗಳು ಇದ್ಯಾವುದರ ಪರಿವೆಯೂ ಇಲ್ಲದೆ ಜಮೀನ್ದಾರರಂತೆ ಕೂತಿರುತ್ತವೆ.

"ಬರ್ರಿ ಅಕ್ಕಾರ, ವಿಮಾನದಾಗ ತ್ರಾಸ ಆಗ್ಲಿಲ್ಲ ಹೌದಿಲ್ರಿ?" ಎಂದು ಗುರುರಾಜ ಸೂಟ್‌ಕೇಸ್ ಎತ್ತಿಕೊಂಡು, ಮೆಟ್ಟಿಲ ಮೇಲೆ ದನಿ ತಗ್ಗಿಸಿ, "ಆಕಿ ಕೂಡ ಇವತ್ತಽ ಮಾತಾಡಬ್ಯಾಡ್ರಿ. ಒಂದೆರಡು ದಿನ ಹೋಗ್ಲಿ," ಎಂದರು.

ಮಾತಾಡಲು ಹುಡುಗಿ ಸಿಗಬೇಕಲ್ಲ! ಅವಳ ಕೋಣೆಯ ಬಾಗಿಲು ಮುಚ್ಚಿತ್ತು. ಬಾಗಿಲ ಮೇಲೆ 'ತಟ್ಟಿ, ಉತ್ತರ ಬಂದರೆ ಮಾತ್ರ ಒಳಗೆ ಬನ್ನಿ' ಎಂದು ಇಂಗ್ಲಿಷಿನಲ್ಲಿ ಬರೆದ ಚೀಟಿ. ತಟ್ಟಿದೆ. ಉತ್ತರ ಬಂತು. ಒಳಗೆ ಕಂಪ್ಯೂಟರಿನ ಮುಂದೆ ಕೂತಿದ್ದ ಉದ್ದ ಹುಡುಗಿ ಎದ್ದು ನನ್ನನ್ನು ತಬ್ಬಿಕೊಂಡು, ಕ್ಷೇಮಸಮಾಚಾರವನ್ನೂ ಕೇಳದೆ, "ದೊಡ್ಡಮ್ಮ, ನಿಮಗೆ ಸರ್ಕಲ್ ಸ್ಕರ್ಟ್ ಹೊಲಿಯಕ್ಕೆ ಬರುತ್ತಾ?" ಎಂದಳು.

ವಿಷಯ ಇಷ್ಟು: ಅವಳ ಶಾಲೆಯಲ್ಲಿ ಮಕ್ಕಳನ್ನು ನಾಲ್ಕು ತಂಡ ಮಾಡಿ, ಒಂದೊಂದು ತಂಡಕ್ಕೆ ಒಂದು ದೇಶ, ಒಂದು ಕಾಲ ಹಂಚಿದ್ದರು. ಆ ಕಾಲದ ಮಕ್ಕಳ ಬದುಕನ್ನು ರಂಗದ ಮೇಲೆ ತೋರಿಸಬೇಕು. ಮೇಘನಾಳ ತಂಡಕ್ಕೆ ಬಂದದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಅಮೆರಿಕ. ಹತ್ತನೆಯವರಿಗೆ ಪರೀಕ್ಷೆಗೆ ಮುಂಚೆ ಇದೇ ಕೊನೆಯ ಕಾರ್ಯಕ್ರಮ. ಇವಳೇ ತಂಡದ ನಾಯಕಿ.

ನಾನು ಸಮಾಜ ವಿಜ್ಞಾನ ಕಲಿಸುವವಳು. ಯುದ್ಧದ ನಂತರದ ಅಮೆರಿಕ ಎಂದರೆ ಶೀತಲ ಸಮರ, ಒಪ್ಪಂದಗಳು, ಎರಡು ಬಣಗಳು ಎಂದು ನಿದ್ದೆಯಲ್ಲೂ ಹೇಳಬಲ್ಲೆ. "ಅಲ್ಲಿಯ ಮಕ್ಕಳು ಏನು ಉಡ್ತಿದ್ರು?" ಎಂದು ಇವಳು ಕೇಳಿದಾಗ ಮಾತ್ರ ನನ್ನ ಬಾಯಿ ಕಟ್ಟಿತು. ನಮ್ಮ ಪುಸ್ತಕದಲ್ಲಿ ಮಕ್ಕಳೇ ಇರಲಿಲ್ಲ.

ಮರುದಿನ ರೂವಿಯ ಬಟ್ಟೆ ಅಂಗಡಿಗೆ ಹೋದೆವು. ಗುಜರಾತಿ ಅಂಗಡಿಯವರು ನನ್ನ ಹಿಂದಿ ಕೇಳಿ ಮರುಕಪಟ್ಟು ದಪ್ಪನೆಯ ಕೆಂಪು ಬಟ್ಟೆಯ ಥಾನು ಬಿಚ್ಚಿದರು. ಮನೆಗೆ ಬಂದು ಬಟ್ಟೆಯನ್ನು ನಾಲ್ಕಾಗಿ ಮಡಿಸಿ, ಸೊಂಟಕ್ಕೆ ಎಷ್ಟು ಕತ್ತರಿಸಬೇಕೆಂದು ನಾನು ಕಣ್ಣಳತೆಯಲ್ಲಿ ಸೀಮೆಸುಣ್ಣ ಎತ್ತಿದರೆ, ಹುಡುಗಿ "ಒಂದ್ ನಿಮಿಷ, ಇದು ಎರಡು ಪೈ ಆರ್ ಅಲ್ವಾ?" ಎಂದು ಸೊಂಟದ ಸುತ್ತಳತೆಯಿಂದ ತ್ರಿಜ್ಯ ಲೆಕ್ಕ ಹಾಕಿಕೊಟ್ಟಳು. ಕತ್ತರಿಸಿ ಮಡಿಕೆ ಬಿಚ್ಚಿದಾಗ ಲಂಗ ಪೂರ್ಣ ಚಂದ್ರನಂತೆ ದುಂಡಗೆ ಹರಡಿತು. ಅಮೆರಿಕದ ಹುಡುಗಿಯರು ಇಂಥ ಲಂಗದ ಮೇಲೆ ಗುಂಗುರು ಕೂದಲಿನ ನಾಯಿಯ ಚಿತ್ರ ಅಂಟಿಸಿಕೊಳ್ಳುತ್ತಿದ್ದರಂತೆ.

"ನಮಗ್ಯಾಕೆ ಅವರ ನಾಯಿ? ನಾನು ಬೆಕ್ಕು ಹಾಕ್ತೀನಿ. ರೂವಿ ಬೆಕ್ಕು," ಎಂದಳು ಮೇಘನಾ. ಕಪ್ಪು ಬಟ್ಟೆಯಲ್ಲಿ ಬೆಕ್ಕು ಕತ್ತರಿಸಿ ಹೊಲಿದೆ. ಆ ಸಂಜೆ ನಾವಿಬ್ಬರೂ ಸ್ನೇಹಿತೆಯರಾದೆವು. ಬಂದ ಕೆಲಸದ ಮಾತು ನನ್ನ ನಾಲಿಗೆಯ ತುದಿಯಲ್ಲೇ ಉಳಿಯಿತು.

ಕುರುಮ್

ಅಮೆರಿಕದ ಗುಟ್ಟುಗಳೆಲ್ಲ ಇವರಿಗೆ ಸಿಗುತ್ತಿದ್ದುದು ಡೊರತಿ ಎಂಬ ಎಪ್ಪತ್ತರ ಹೆಂಗಸಿನಿಂದ. ಆಕೆಯ ಮಗ ಎಣ್ಣೆ ಕಂಪನಿಯೊಂದರಲ್ಲಿ ಎಂಜಿನಿಯರು. ಗಂಡ ತೀರಿಕೊಂಡ ಮೇಲೆ ಮಗನ ಜೊತೆ ಮಸ್ಕತ್ತಿಗೆ ಬಂದು, ಹೊತ್ತು ಹೋಗದೆ ಮೇಘನಾಳ ಶಾಲೆಯ ಲೈಬ್ರರಿಯಲ್ಲಿ ಚಿಕ್ಕ ಮಕ್ಕಳಿಗೆ ಕಥೆ ಓದುತ್ತಿದ್ದರು. ತಂಡದ ಹುಡುಗಿಯರು ಅವರನ್ನು ಹಿಡಿದಿದ್ದರು. ಕುರುಮ್‌ನಲ್ಲಿ, ಸಮುದ್ರದ ಹತ್ತಿರದ ಅವರ ಮನೆಯಲ್ಲಿ ಅಭ್ಯಾಸ. ಲಂಗ ಸರಿಮಾಡುವ ನೆಪದಲ್ಲಿ ನಾನೂ ಹೋದೆ.

ಬೆಳ್ಳಗಿನ ಗಿಡ್ಡ ಕೂದಲು, ಹೂವಿನ ಅಂಗಿ, ಕಾಲಲ್ಲಿ ಹುಡುಗರ ಬೂಟು. ಬಾಗಿಲಲ್ಲೇ ನನ್ನ ಹೆಸರು ಕೇಳಿದರು. "ಸುಲೋಚನಾ" ಎಂದೆ. ಎರಡು ಸಲ ಪ್ರಯತ್ನಿಸಿ, "ಸೂ ಎನ್ನಲೇ?" ಎಂದರು. ನನ್ನ ಅಪ್ಪ ಪಂಚಾಂಗ ನೋಡಿ ಇಟ್ಟ ಹೆಸರು ಆ ಹೊಸ್ತಿಲಲ್ಲಿ ಒಂದೇ ಅಕ್ಷರವಾಯಿತು.

ನಾನು ಚಪ್ಪಲಿ ಬಿಡುತ್ತಿದ್ದಾಗ ಆಕೆ, "ನೋಡಿ ಹುಡುಗಿಯರೇ, ನಾವೂ ಹೀಗೇ ಬೂಟು ಬಿಟ್ಟು ಕುಣಿಯುತ್ತಿದ್ದೆವು," ಎಂದರು. ಶನಿವಾರದ ಕುಣಿತ ಶಾಲೆಯ ಆಟದ ಮನೆಯಲ್ಲಿ. ನೆಲ ಮರದ್ದು, ಬಾಸ್ಕೆಟ್‌ಬಾಲ್ ಆಡಲು ನುಣ್ಣಗೆ ಹೊಳಪು ಕೊಟ್ಟದ್ದು. ಬೂಟಿನಿಂದ ಗೀರು ಬೀಳಬಾರದು ಎಂದು ಎಲ್ಲರೂ ಬಾಗಿಲಲ್ಲಿ ಬೂಟು ಬಿಟ್ಟು ಕಾಲುಚೀಲದಲ್ಲಿ ಕುಣಿಯಬೇಕಿತ್ತು. ಬಾಗಿಲ ತುಂಬ ಬೂಟಿನ ರಾಶಿ. ನನಗೆ ನಮ್ಮ ಕಡೆಯ ಮದುವೆ ಛತ್ರದ ಬಾಗಿಲು ನೆನಪಾಯಿತು. "ನಿಮ್ಮಲ್ಲೂ ಬೂಟು ಅದಲುಬದಲಾಗುತ್ತಿತ್ತೆ?" ಎಂದು ಕೇಳಿದೆ. "ಬೇಕೆಂದೇ ಮಾಡುತ್ತಿದ್ದೆವು. ಇಷ್ಟದ ಹುಡುಗನ ಬೂಟು ಹಾಕಿಕೊಂಡು ಹೋದರೆ ಅವನು ಹುಡುಕಿಕೊಂಡು ಬರಲೇಬೇಕಲ್ಲ!" ಎಂದರು. ಹುಡುಗಿಯರು ಕಿಲಕಿಲ ನಕ್ಕರು.

ನಾನು ಪ್ರಶ್ನೆ ಕೇಳುವುದರಲ್ಲಿ ಮಕ್ಕಳನ್ನು ಮೀರಿಸಿದೆ. ಆಕೆಯ ಅಮ್ಮನ ಕಾಲದಲ್ಲಿ ಮಕ್ಕಳಿದ್ದರು, ದೊಡ್ಡವರಿದ್ದರು, ನಡುವೆ ಏನೂ ಇರಲಿಲ್ಲವಂತೆ. ಹದಿನಾಲ್ಕಕ್ಕೆ ಹೊಲವೋ ಕಾರ್ಖಾನೆಯೋ. ಯುದ್ಧ ಮುಗಿದು ಕೈಯಲ್ಲಿ ಕಾಸು ಆಡತೊಡಗಿದ ಮೇಲೆ ಇದ್ದಕ್ಕಿದ್ದಂತೆ ಹದಿಹರೆಯದವರಿಗೆ ಒಂದು ಹೆಸರು ಬಂತು, ಅವರದೇ ಬಟ್ಟೆ, ಅವರದೇ ಹಾಡು, ಅವರದೇ ಅಂಗಡಿ. ಔಷಧಿ ಅಂಗಡಿಯ ಒಂದು ಪಕ್ಕದಲ್ಲಿ ಸೋಡಾ ಮಾರುವ ಕಟ್ಟೆ. ಅಲ್ಲಿ ಎತ್ತರದ ಸ್ಟೂಲುಗಳ ಮೇಲೆ ಕೂತು, ಒಂದೇ ಲೋಟಕ್ಕೆ ಎರಡು ಸ್ಟ್ರಾ ಹಾಕಿ, ಕತ್ತಲಾಗುವವರೆಗೆ ಅದನ್ನು ಮುಗಿಸದೆ ಹೀರುವುದು. ಔಷಧಿ ಅಂಗಡಿಯಲ್ಲಿ ಪ್ರೇಮವೇ ಎಂದು ನಾನು ಅಚ್ಚರಿಪಟ್ಟೆ. ಫೋನು ಹಲವು ಮನೆಗಳಿಗೆ ಸೇರಿ ಒಂದೇ ತಂತಿ. ನೀವು ಮಾತಾಡುವಾಗ ಪಕ್ಕದ ಮನೆಯ ಮುದುಕಿ ರಿಸೀವರ್ ಎತ್ತಿ ಉಸಿರು ಬಿಗಿಹಿಡಿದು ಕೇಳುತ್ತಿದ್ದಳು. ಆಕೆಯ ಗಡಿಯಾರದ ಟಿಕ್ ಟಿಕ್ ಕೇಳಿಸಿದರೆ ಇವರು ಮಾತು ಬದಲಿಸುತ್ತಿದ್ದರು.

ಬಾಂಬಿನ ಅಭ್ಯಾಸವೂ ಇತ್ತು. ಸೈರನ್ ಕೂಗಿದರೆ ಡೆಸ್ಕಿನ ಕೆಳಗೆ ತೂರಿ, ಕುತ್ತಿಗೆಯ ಹಿಂದೆ ಕೈ ಕಟ್ಟಿ ಮುದುಡಿ ಕೂರಬೇಕು.

"ಅಣುಬಾಂಬಿಗೆ ಡೆಸ್ಕಾ?" ಎಂದಳು ಮೇಘನಾ.

"ಬಾಂಬಿಗೆ ಉಪಯೋಗವಿರಲಿಲ್ಲ. ಯಾರು ಯಾರು ಚೂಯಿಂಗ್ ಗಮ್ ಅಂಟಿಸಿದ್ದಾರೆ ಎಂದು ತಿಳಿಯುತ್ತಿತ್ತು," ಎಂದರು ಡೊರತಿ.

ಕರಿಯ ಮಕ್ಕಳು ಆ ಸೋಡಾ ಕಟ್ಟೆಗೆ ಬರುತ್ತಿದ್ದರೇ ಎಂದು ನಾನು ಕೇಳಿದಾಗ ಮಾತ್ರ ಆಕೆಯ ನಗು ನಿಂತಿತು. "ಗಣಿತದ ತರಗತಿಯಲ್ಲಿ ನನ್ನ ಪಕ್ಕ ಒಬ್ಬಳು ಕೂರುತ್ತಿದ್ದಳು. ಲೆಕ್ಕದಲ್ಲಿ ನಮಗಿಬ್ಬರಿಗೂ ಪೈಪೋಟಿ. ಸೋಡಾ ಅಂಗಡಿಯಲ್ಲಾಗಲಿ ಕುಣಿತದಲ್ಲಾಗಲಿ ಅವಳನ್ನು ಒಂದು ದಿನವೂ ನೋಡಲಿಲ್ಲ. ಯಾಕೆ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ," ಎಂದರು. ಅದನ್ನೂ ರಂಗದ ಮೇಲೆ ತೋರಿಸಬೇಕು ಎಂದು ಮೇಘನಾ ಅಲ್ಲಿಯೇ ತೀರ್ಮಾನಿಸಿದಳು.

ಹೊರಡುವಾಗ ಡೊರತಿ ಹುಡುಗಿಯರಿಗೆಲ್ಲ ಗಂಡಸರ ಹಳೆಯ ಉಂಗುರದಂಥ ಅಗ್ಗದ ಉಂಗುರಗಳನ್ನು ಹಂಚಿದರು. ಅವರ ಕಾಲದಲ್ಲಿ ಹುಡುಗನೊಬ್ಬ ತನ್ನ ಶಾಲೆಯ ಉಂಗುರ ಕೊಟ್ಟರೆ ಇಬ್ಬರದೂ ಜೋಡಿ ಎಂದು ಊರಿಗೆಲ್ಲ ಗೊತ್ತಾಗುತ್ತಿತ್ತು. ಹುಡುಗಿಯ ಬೆರಳಿಗೆ ದೊಡ್ಡದಾಗುವ ಉಂಗುರಕ್ಕೆ ಉಣ್ಣೆಯ ದಾರ ಸುತ್ತಿ ಬಿಗಿಮಾಡುವುದೇ ಒಂದು ಕಲೆ. ಆ ಕಲೆಯನ್ನೂ ಕಲಿತು ಮನೆಗೆ ಬಂದೆವು.

ಮತ್ತೆ ರೂವಿ

ಮರುಸಂಜೆ ನಾನು ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದೆ. ನಡುಮನೆಯಿಂದ ವಸುವಿನ ಏರಿದ ದನಿ ಕೇಳಿತು.

"ಯಾರದ್ದೇ ಇದು? ಗಂಡಸರ ಉಂಗುರ! ದಾರ ಬೇರೆ ಸುತ್ತಿದೀಯ, ಬಿದ್ದುಹೋಗಬಾರದು ಅಂತ!"

"ಅಮ್ಮಾ, ಇಟ್ಸ್ ಎ ಪ್ರಾಪ್!"

"ಯಾವ ಪ್ರಾಪು? ಯಾರವನು ಪ್ರಾಪು?"

ಪ್ರಾಪ್ ಎಂದರೆ ನಾಟಕದ ಸಾಮಾನು ಎಂದು ನಾನು ಓಡಿಹೋಗಿ ವಿವರಿಸುವಷ್ಟರಲ್ಲಿ ಗುರುರಾಜ ಆಫೀಸಿನಿಂದ ಬಂದರು. ಉಂಗುರದ ಕಥೆ ಕೇಳಿ, ಅಂಥ ಉಂಗುರಗಳು ಎಲ್ಲ ಹುಡುಗಿಯರ ಹತ್ತಿರವೂ ಇವೆ ಎಂದು ತಿಳಿದು ಸಮಾಧಾನಗೊಂಡರು. ಆದರೆ ಅದರ ಬೆನ್ನಿಗೇ ಕುಣಿತದ ವಿಷಯ ಹೊರಬಿತ್ತು. ಹುಡುಗ ಹುಡುಗಿ ಕೈ ಹಿಡಿದು ಕುಣಿಯಬೇಕು.

"ಇದು ನನಗ ಸೇರೂದಿಲ್ಲ ನೋಡವಾ. ನಾಳೆ ನಾಲ್ಕು ಮಂದಿ ನಮ್ಮವರು ಮುಂದ ಕುಂತು ನೋಡ್ತಾರ. ಇದಕ್ಕಽ ಅನ್ನೂದು ನಾನು, ಮೈಸೂರಿಗೆ ಹೋಗಿ ಓದು ಅಂತ. ಇಲ್ಲೇ ಇದ್ರ ನೀ ಇಲ್ಲಿಯಾಕಿನೂ ಆಗೂದಿಲ್ಲ, ಊರಾಕಿನೂ ಆಗೂದಿಲ್ಲ."

"ಯಾವ ಊರು ಅಪ್ಪ?" ಎಂದಳು ಮೇಘನಾ. "ಎಲ್ಲರೂ ಊರಿಗೆ ಹೋಗು, ಊರಿಗೆ ಹೋಗು ಅಂತೀರ. ಐ ವಾಸ್ ಬಾರ್ನ್ ಹಿಯರ್. ನಾನು ವರ್ಷಕ್ಕೊಂದ್ಸಲ ಗೆಸ್ಟ್ ಥರ ಹೋಗೋ ಜಾಗ ನನ್ನ ಊರು ಹೇಗಾಗುತ್ತೆ? ನನ್ನನ್ನ ಯಾರಾದ್ರೂ ಕೇಳಿದ್ರಾ?" ನನ್ನ ಕಡೆ ತಿರುಗಿದಳು. "ನೀವೂ ಅದಕ್ಕೇ ಬಂದಿರೋದು ಅಲ್ವಾ ದೊಡ್ಡಮ್ಮ? ಅಮ್ಮ ಫೋನಲ್ಲಿ ಮಾತಾಡಿದ್ದು ನನಗೆ ಕೇಳಿಸಿತ್ತು."

ಬಾಗಿಲು ಮುಚ್ಚಿತು. ಅಷ್ಟು ದಿನ ಎಲ್ಲ ಗೊತ್ತಿದ್ದೂ ನನ್ನ ಪಕ್ಕ ಕೂತು ಬೆಕ್ಕಿಗೆ ಮೀಸೆ ಹೊಲಿದಿದ್ದಳಲ್ಲ ಎಂದು ನನಗೆ ಕಸಿವಿಸಿಯಾಯಿತು.

ಕುಣಿತದ ತೊಡಕನ್ನು ಬಿಡಿಸಿದವರು ಡೊರತಿ. ಬೆಳಿಗ್ಗೆ ನಾನು ಫೋನ್ ಮಾಡಿ ಅಳುಕುತ್ತಾ ಹೇಳಿದಾಗ ಗಟ್ಟಿಯಾಗಿ ನಕ್ಕರು. "ನಿಜ ಹೇಳಲೇ ಸೂ? ನಮ್ಮ ಹುಡುಗರೂ ಕುಣಿಯುತ್ತಿರಲಿಲ್ಲ. ನಾಚಿಕೊಂಡು ಗೋಡೆಗೆ ಅಂಟಿ ನಿಲ್ಲುತ್ತಿದ್ದರು. ನಾವು ಹುಡುಗಿಯರೇ ಹುಡುಗಿಯರ ಕೈ ಹಿಡಿದು ಕುಣಿಯುತ್ತಿದ್ದೆವು. ಹಾಗೇ ಮಾಡಿಸೋಣ. ಅದೇ ಸರಿಯಾದ ಚರಿತ್ರೆ."

ಘಾಲಾ

ಇದನ್ನು ತಿಳಿಸಲು, ಜೊತೆಗೆ ಒಂದು ಬೇಡಿಕೆಯನ್ನೂ ಇಡಲು ನಾನು ಟ್ಯಾಕ್ಸಿ ಹಿಡಿದು ಘಾಲಾಕ್ಕೆ ಹೋದೆ. ಗ್ಯಾರೇಜು, ಉಗ್ರಾಣ, ಲಾರಿಗಳ ಸಾಲಿನ ನಡುವೆ ಗುರುರಾಜರ ವರ್ಕ್‌ಶಾಪು. ಬೆಸುಗೆಯ ಕಿಡಿ, ರೇಡಿಯೋದಲ್ಲಿ ಮಲಯಾಳಂ ಹಾಡು, ಹಿಂದಿಯಲ್ಲಿ ಬೈಗುಳ, ಅರಬ್ಬಿಯಲ್ಲಿ "ಯಲ್ಲಾ, ಯಲ್ಲಾ" ಎಂಬ ಅವಸರ. ಸೀರೆ ಉಟ್ಟ ನನ್ನನ್ನು ಕಂಡು ಇಡೀ ಜಾಗ ಒಂದು ಕ್ಷಣ ಸ್ತಬ್ಧವಾಯಿತು.

ಹುಡುಗಿಯರೇ ಕುಣಿಯುತ್ತಾರೆ ಎಂದಾಗ ಗುರುರಾಜ ನಿರಾಳರಾದರು. ಬೇಡಿಕೆ ಹೇಳಿದೆ: ರಂಗದ ಮೇಲೆ ಒಂದು ಕಾರು ಬೇಕು. ಆ ಕಾಲದ ಅಮೆರಿಕದಲ್ಲಿ ಬಯಲಿನಲ್ಲಿ ಕಾರು ನಿಲ್ಲಿಸಿ, ಒಳಗೇ ಕೂತು ಸಿನಿಮಾ ನೋಡುತ್ತಿದ್ದರಂತೆ. ರಟ್ಟಿನಲ್ಲಿ ಮಾಡಬಹುದೇನೋ ಎಂದೆ.

"ರಟ್ಟಿನ್ಯಾಗ?" ಅವರ ಮುಖ ನೋವಾದವರಂತೆ ಆಯಿತು. "ಆ ಕಾಲದ ಗಾಡಿ ನೋಡೀರೇನ್ರಿ ಅಕ್ಕಾರ? ಹಿಂದ ಎರಡೂ ಕಡೆ ಮೀನಿನ ರೆಕ್ಕಿ ಇರ್ತಿದ್ವು! ನಾ ಸಣ್ಣಾವ ಇದ್ದಾಗ ಹುಬ್ಬಳ್ಳಿಯೊಳಗ ಒಂದು ಗ್ಯಾರೇಜಿಗೆ ಅಂಥದೊಂದು ಬಂದಿತ್ರಿ, ಯಾರೋ ದೊಡ್ಡ ಸಾವ್ಕಾರಂದು. ಸಾಲಿ ತಪ್ಪಿಸಿ ಹೋಗಿ ನೋಡ್ತಿದ್ದೆ. ಅದನ್ನ ನೋಡೇ ನಾ ಈ ಲೈನಿಗೆ ಬಿದ್ದೆ. ನಮ್ಮಪ್ಪಗ ನನ್ನ ಮಾಸ್ತರನ್ನ ಮಾಡೂದಿತ್ತು."

"ಅವರು ಒಪ್ಪಿದ್ರಾ?" ಎಂದೆ.

"ಎಲ್ಲೀದ್ರಿ! ವರ್ಷಗಟ್ಟಲೆ ಮಾತು ಬಿಟ್ಟಿದ್ರು," ಎಂದು ನಕ್ಕರು. ಆಗಲೇ ಗುಜರಿಯ ರಾಶಿಯತ್ತ ನಡೆದಿದ್ದ ಅವರಿಗೆ ತಾವಾಡಿದ ಮಾತು ತಮಗೇ ಕೇಳಿಸಿದಂತೆ ಕಾಣಲಿಲ್ಲ. ಹಳೆಯ ಬಂಪರು, ಒಂದು ಜೋಡಿ ದೀಪ, ಸ್ಟೀರಿಂಗು ಆರಿಸಿದರು. ತಗಡಿನ ಕೆಲಸದ ಪಂಜಾಬಿಗೆ ಸೀಮೆಸುಣ್ಣದಲ್ಲಿ ನೆಲದ ಮೇಲೆ ರೆಕ್ಕೆಯ ಆಕಾರ ಬರೆದು ತೋರಿಸಿದರು. ಬಣ್ಣ ಯಾವುದು ಎಂಬುದಕ್ಕೆ ಇಬ್ಬರೂ ಜಗಳವಾಡಿ ತಿಳಿಹಸಿರಿಗೆ ಬಂದು ನಿಂತರು.

ರುಸ್ತಾಕ್

ಶುಕ್ರವಾರ ಡೊರತಿ ನಮ್ಮನ್ನು ರುಸ್ತಾಕಿಗೆ ಕರೆದುಕೊಂಡು ಹೋಗುವುದಾಗಿ ಹೇಳಿದರು. ಒಳನಾಡಿನ ಊರು, ದೊಡ್ಡ ಕೋಟೆ, ಬಿಸಿನೀರಿನ ಬುಗ್ಗೆ. ಮೇಘನಾ ನನ್ನ ಮೇಲಿನ ಸಿಟ್ಟನ್ನು ಬಿಡದೆಯೇ ಬಂದಳು. ಹಿಂದಿನ ಸೀಟಿನಲ್ಲಿ ಕಿವಿಗೆ ಹಾಡು ಸಿಕ್ಕಿಸಿಕೊಂಡು ಕೂತಳು.

ಕೋಟೆ ನೋಡಿದೆವು, ಬುಗ್ಗೆಯಲ್ಲಿ ಕಾಲು ಇಳಿಬಿಟ್ಟೆವು. ವಾಪಸು ಬರುವಾಗ ಡೊರತಿಗೆ ಖರ್ಜೂರದ ತೋಟದ ಫೋಟೋ ಬೇಕೆನಿಸಿತು. ರಸ್ತೆ ಬಿಟ್ಟು, ನೀರಿಲ್ಲದ ಹಳ್ಳದ ಪಾತ್ರಕ್ಕೆ ಕಾರು ಇಳಿಸಿದರು. ಚಕ್ರ ಸಣ್ಣ ಜಲ್ಲಿಯಲ್ಲಿ ಹೂತುಕೊಂಡಿತು. ಆಕೆ ಆಕ್ಸಿಲರೇಟರ್ ಒತ್ತಿದಷ್ಟೂ ಕಾರು ಬಸಿರಾದ ಎಮ್ಮೆಯಂತೆ ಕೆಳಕ್ಕೆ ಕೂತಿತು. ಮೊಬೈಲಿಗೆ ಸಿಗ್ನಲ್ ಇಲ್ಲ. ಮೇಘನಾ ಇಳಿದು ಸಹಾಯ ಹುಡುಕುತ್ತಾ ರಸ್ತೆಯ ಅಂಚಿಗೆ ಹೋಗಿ ನಿಂತಳು. ನಾವಿಬ್ಬರು ವಿಧವೆಯರು ಒಂದು ಮರದ ನೆರಳಿಗೆ ಬಂದೆವು.

"ಹುಡುಗಿ ನಿಮ್ಮ ಮೇಲೆ ಮುನಿದಿದ್ದಾಳೆ," ಎಂದರು ಡೊರತಿ. ಎಲ್ಲ ಹೇಳಿದೆ. ಕೋಣೆ, ಮೇಜು, ನನ್ನ ಆಸೆ ಸಹಿತ.

ಆಕೆ ಜಲ್ಲಿಯ ಮೇಲೆ ಬೂಟಿನಿಂದ ಗೆರೆ ಎಳೆದರು. "ಲೆಕ್ಕದಲ್ಲಿ ನಾನು ಜಾಣೆ ಎಂದೆನಲ್ಲ. ಶಾಲೆಯಲ್ಲಿ ಸಲಹೆ ಕೊಡುವ ಮೇಷ್ಟ್ರೊಬ್ಬರಿದ್ದರು. ನನ್ನ ಅಂಕ ನೋಡಿ ಬಹಳ ಸಂತೋಷಪಟ್ಟು ಟೈಪಿಂಗ್ ತರಗತಿಗೆ ಸೇರಿಸಿದರು. ಹತ್ತೊಂಬತ್ತಕ್ಕೆ ಮದುವೆ. ನನ್ನ ಗೆಳತಿಯರೆಲ್ಲರದೂ ಹಾಗೆಯೇ. ಕೆಟ್ಟ ಬದುಕಲ್ಲ ಸೂ. ನನ್ನ ಗಂಡ ತುಂಬ ಒಳ್ಳೆಯವನು. ನಮ್ಮಷ್ಟು ಮುದ್ದು ಮಾಡಿಸಿಕೊಂಡ ಮಕ್ಕಳು ಆವರೆಗೆ ಭೂಮಿಯ ಮೇಲೆ ಇರಲಿಲ್ಲವೇನೋ. ಯಾವ ಸೋಡಾ ಬೇಕು, ಯಾವ ಬಣ್ಣದ ಸ್ವೆಟರ್ ಬೇಕು, ಎಲ್ಲವನ್ನೂ ಕೇಳುತ್ತಿದ್ದರು. ಏನಾಗಬೇಕು ಅಂತ ಮಾತ್ರ ಯಾರೂ ಕೇಳಲಿಲ್ಲ."

"ಕೇಳಿದ್ದರೆ ಏನು ಹೇಳುತ್ತಿದ್ದಿರಿ?"

"ಗೊತ್ತಿಲ್ಲ. ಅದೇ ಬೇಜಾರು," ಎಂದವರೇ ಎದ್ದು ಫೋಟೋ ತೆಗೆಯಲು ಹೊರಟರು.

ಅಷ್ಟರಲ್ಲಿ ಮೇಘನಾ ಒಂದು ಪಿಕಪ್ ಗಾಡಿಯಲ್ಲಿ ಬಂದಿಳಿದಳು. ಜೊತೆಗೆ ಬಿಳಿಯ ನಿಲುವಂಗಿಯ ಒಮಾನಿ ಗೃಹಸ್ಥರು, ಅವರ ಹೆಂಡತಿ, ಮೇಘನಾಳ ವಯಸ್ಸಿನ ಮಗಳು. ಹಗ್ಗ ಕಟ್ಟಿ ಕಾರನ್ನು ಎಳೆದು ರಸ್ತೆಗೆ ಹಾಕಿದರು. "ಖಲಾಸ್" ಎಂದು ಕೈ ಝಾಡಿಸಿದ ಆ ಮನುಷ್ಯ ಅಲ್ಲಿಗೆ ಬಿಡದೆ ಮನೆಗೆ ಕರೆದರು.

ಖರ್ಜೂರ, ಏಲಕ್ಕಿಯ ಘಮದ ಕಹಿ ಕಾಫಿ. ಪುಟ್ಟ ಬಟ್ಟಲು ಖಾಲಿಯಾದ ಕೂಡಲೇ ಮನೆಯಾಕೆ ತುಂಬಿಸುವುದು, ತುಂಬಿಸಿದ್ದನ್ನು ಬಿಡಬಾರದೆಂದು ನಾನು ಕುಡಿಯುವುದು. ನನ್ನ ತಲೆ ಗಿಮ್ಮೆನ್ನುವಾಗ ಮೇಘನಾ ಕೊನೆಗೂ ಬಾಯಿ ಬಿಟ್ಟಳು. "ದೊಡ್ಡಮ್ಮ, ಬಟ್ಟಲು ಅಲ್ಲಾಡಿಸಿ ಕೊಡಿ. ಸಾಕು ಅಂತ ಅರ್ಥ." ಇವಳು ನಿಜವಾಗಿಯೂ ಇಲ್ಲಿಯ ಮಗಳು ಎಂದು ನನಗೆ ಅನಿಸಿತು.

ಆ ಮನೆಯ ಹುಡುಗಿ ಫಾತ್ಮಾ ಇಂಗ್ಲಿಷಿನಲ್ಲಿ ಮೇಘನಾಳನ್ನು ಮಾತಿಗೆಳೆದಳು. ಮೊಬೈಲು ಹೋಲಿಸಿದರು, ಹಾಡು ಅದಲುಬದಲು ಮಾಡಿಕೊಂಡರು. ಆಮೇಲೆ ಫಾತ್ಮಾ, "ನಿನ್ನದು ಯಾವ ಊರು?" ಎಂದಳು.

"ಮಸ್ಕತ್."

"ಅದಲ್ಲ, ನಿನ್ನ ದೇಶದಲ್ಲಿ?"

ಮೇಘನಾ ತಡೆದಳು. "ಅಪ್ಪಂದು ಧಾರವಾಡ. ಅಮ್ಮಂದು ಮೈಸೂರು."

"ನಿನ್ನದು?" ಎಂದು ಫಾತ್ಮಾ ಮುಗ್ಧವಾಗಿ ಮತ್ತೆ ಕೇಳಿದಳು. ಮೇಘನಾ ನನ್ನ ಕಡೆ ನೋಡಿದಳು.

ವಾಪಸು ಬರುವಾಗ ಅವಳ ಪಕ್ಕ ಹಿಂದಿನ ಸೀಟಿನಲ್ಲಿ ಕೂತೆ. "ಮೇಘು, ನಿನ್ನನ್ನ ಒಪ್ಪಿಸಕ್ಕೆ ಬಂದಿದ್ದು ನಿಜ. ಈಗ ಒಪ್ಪಿಸಲ್ಲ, ಕೇಳ್ತೀನಿ ಅಷ್ಟೆ. ನಿನಗೇನು ಬೇಕು?"

"ಯೋಚನೆ ಮಾಡಿ ಹೇಳ್ತೀನಿ ದೊಡ್ಡಮ್ಮ. ಬೇಡ ಅನ್ನೋದನ್ನೇ ಪ್ರಾಕ್ಟೀಸ್ ಮಾಡಿದ್ದೆ. ಬೇಕು ಅನ್ನೋದನ್ನ ಯೋಚನೇನೇ ಮಾಡಿಲ್ಲ," ಎಂದಳು.

ಮನೆ ತಲುಪಿದ ಮೇಲೆ ಗುರುರಾಜರಿಗೂ ವಸುವಿಗೂ ನಾನು ಹೇಳಿಬಿಟ್ಟೆ: ಅವಳಾಗಿ ಬರುತ್ತೇನೆ ಎನ್ನದ ಹೊರತು ನನ್ನ ಮನೆಗೆ ಕಳಿಸಬೇಡಿ. ವಸು ಮುಖ ತಿರುಗಿಸಿದಳು.

"ನೀವೂ ಹಿಂಗಂದ್ರ ಹೆಂಗ್ರೀ ಅಕ್ಕಾರ?" ಎಂದರು ಗುರುರಾಜ. ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

ಶಾಲೆಯ ಸಭಾಂಗಣ

ಪರದೆ ಸರಿದಾಗ ತಿಳಿಹಸಿರು ಕಾರು ಕಂಡು ಸಭೆ ಹೋ ಎಂದಿತು. ಹಿಂದಿನ ರೆಕ್ಕೆಗಳು ಎಷ್ಟು ಎತ್ತರವಿದ್ದವೆಂದರೆ ಕಾರು ಹಾರಿಹೋಗುತ್ತದೇನೋ ಎನಿಸುತ್ತಿತ್ತು. ನನ್ನ ಪಕ್ಕದ ಗುರುರಾಜ ಅಕ್ಕಪಕ್ಕದವರಿಗೆಲ್ಲ ಆ ತಗಡಿನ ದಪ್ಪವನ್ನು ವಿವರಿಸುತ್ತಿದ್ದರು.

ಸೈರನ್ ಕೂಗಿತು, ಮಕ್ಕಳು ಡೆಸ್ಕಿನಡಿ ತೂರಿದರು. ಫೋನಿನ ಮುದುಕಿ ಬಂದಳು, ನಗಿಸಿದಳು. ಹುಡುಗರು ಗೋಡೆಗೆ ಅಂಟಿ ನಿಂತರು. ಅದಕ್ಕಂತೂ ಅವರಿಗೆ ಅಭ್ಯಾಸವೇ ಬೇಕಿರಲಿಲ್ಲ. ಹುಡುಗಿಯರು ಬೂಟು ಬಿಟ್ಟು, ಕೈ ಕೈ ಹಿಡಿದು ಕುಣಿದರು. ಕೆಂಪು ಲಂಗ ಗಿರ್ರನೆ ಬಿಚ್ಚಿಕೊಂಡಾಗ ರೂವಿಯ ಬೆಕ್ಕು ಸಭಾಂಗಣವನ್ನೆಲ್ಲ ಒಂದು ಸುತ್ತು ನೋಡಿತು. ಕುಣಿತದ ನಡುವೆಯೇ ಒಬ್ಬ ಹುಡುಗಿ ಪುಸ್ತಕ ಎದೆಗವಚಿಕೊಂಡು ರಂಗದ ಅಂಚಿನಲ್ಲಿ ಹಾದುಹೋದಳು. ಕ್ಷಣಕಾಲ ನಿಂತು ನೋಡಿ, ಯಾರೂ ಕರೆಯದಿದ್ದಾಗ ಮುಂದೆ ನಡೆದಳು. ಮುಂದಿನ ಸಾಲಿನಲ್ಲಿ ಡೊರತಿ ಕನ್ನಡಕ ತೆಗೆದು ಒರೆಸಿಕೊಂಡರು.

ಬಹುಮಾನ ಬೇರೆ ತಂಡಕ್ಕೆ ಹೋಯಿತು. ಅವರು ಜಪಾನು ಮಾಡಿದ್ದರು, ಚೆನ್ನಾಗಿಯೇ ಮಾಡಿದ್ದರು.

ಹೊರಗೆ ವಾಹನ ನಿಲ್ಲಿಸುವ ಜಾಗದಲ್ಲಿ, ಲಂಗದಲ್ಲೇ ಬಂದ ಮಗಳಿಗೆ ಗುರುರಾಜ ನೀರಿನ ಬಾಟಲಿ ಕೊಟ್ಟರು. ಕೆಮ್ಮಿದರು. ನಮ್ಮೆಲ್ಲರ ಮುಂದೆಯೇ ಕೇಳಿದರು.

"ಮೇಘಾ, ನಿನಗೇನ್ ಬೇಕವಾ? ಖರೇ ಹೇಳು. ಬಯ್ಯೂದಿಲ್ಲ."

ಅವಳು ಸಿದ್ಧವಾಗಿದ್ದಳು. "ಹನ್ನೆರಡನೇದು ಮುಗಿಯೋವರೆಗೂ ಇಲ್ಲೇ ಇರ್ತೀನಿ ಅಪ್ಪ, ನನ್ನ ಫ್ರೆಂಡ್ಸ್ ಜೊತೆ. ಆಮೇಲೆ ಮೈಸೂರಲ್ಲಿ ಆರ್ಕಿಟೆಕ್ಚರ್ ಓದ್ತೀನಿ. ಹಾಸ್ಟೆಲ್ ಬೇಡ. ದೊಡ್ಡಮ್ಮನ ಮನೇಲಿ." ನನ್ನ ಕಡೆ ತಿರುಗಿದಳು. "ನಿಮಗೆ ಓಕೆನಾ? ಐ ಆಮ್ ಆಸ್ಕಿಂಗ್ ಯೂ."

ಗುರುರಾಜ ಕಾರಿನ ಬೀಗದ ಕೈಯನ್ನು ತಿರುಗಿಸಿದರು. "ನಮ್ಮಪ್ಪಗಿಂತ ನಾ ಶಾಣ್ಯಾ ಇದೀನಿ ಅಂತ ತಿಳಕೊಂಡಿದ್ದೆ," ಎಂದು ನನ್ನೊಬ್ಬಳಿಗೆ ಕೇಳುವಂತೆ ಹೇಳಿ, "ಆತು. ಎರಡು ವರ್ಷ ಇಲ್ಲೇ ಓದು," ಎಂದರು. ವಸು ಅಳುತ್ತಲೇ ಮಗಳ ಬೆವರು ಒರೆಸಿದಳು. ನಾನು "ಓಕೆ" ಎಂದೆ.

ಮೈಸೂರು

ಊರಿಗೆ ಮರಳಿದ ಮರುವಾರವೇ ಓದುವ ಮೇಜಿನ ಮೇಲೆ ಕಂಪ್ಯೂಟರೊಂದನ್ನು ತಂದಿಟ್ಟು, ಫೋನಿನವರಿಗೆ ಹೇಳಿ ಮನೆಗೆ ಇಂಟರ್ನೆಟ್ ಹಾಕಿಸಿದೆ. ತಂತಿ ಎಳೆಯಲು ಬಂದವರು ಸ್ಟೂಲ್ ಮೇಲೆ ನಿಂತು ಗೋಡೆಗೆ ಮೊಳೆ ಹೊಡೆಯುತ್ತಾ ಕೇಳಿದರು.

"ಮನೇಲಿ ಇದನ್ನ ಯಾರಮ್ಮ ನೋಡೋರು?"

"ಮಗಳು," ಎಂದೆ.

"ಎಲ್ಲಿ, ಕಾಲೇಜಿಗೆ ಹೋಗಿದಾರಾ?"

"ಇನ್ನೂ ಬಂದಿಲ್ಲ. ಎರಡು ವರ್ಷ ಆಗಬಹುದು, ಸ್ವಲ್ಪ ಹೆಚ್ಚೂ ಆಗಬಹುದು."

ಅವರು ಸುತ್ತಿಗೆ ಇಳಿಸಿ ನನ್ನನ್ನು ನೋಡಿದರು. "ಹಂಗಾದ್ರೆ ಈಗ್ಲೇ ಯಾಕಮ್ಮ ಹಾಕಿಸ್ತಿದೀರ?"

"ಅವಳ ಹತ್ರ ಮಾತಾಡಕ್ಕೆ ನಾನು ಕಲೀಬೇಕಲ್ಲಪ್ಪ," ಎಂದು ಕುರ್ಚಿ ಎಳೆದುಕೊಂಡು ಕೂತೆ. "ಎಲ್ಲಿ ಒತ್ತಬೇಕು, ತೋರಿಸು."